ದಾವಣಗೆರೆಯಿಂದ ಒಂದು ದಿನಕ್ಕೆ ಯಾವ ಹಳೇ ದೇವಸ್ಥಾನ? ಹರಿಹರ, ಬಾಗಳಿ, ದುರ್ಗದ ಬೆಟ್ಟ

ಮದುವೆಗೆ ಬಂದ ನೆಂಟರು ಮರುದಿನ ತಿಂಡಿ ತಿನ್ನುತ್ತಾ ಕೇಳುವ ಪ್ರಶ್ನೆ ದಾವಣಗೆರೆಯ ಎಲ್ಲ ಮನೆಗಳಲ್ಲೂ ಹೆಚ್ಚುಕಮ್ಮಿ ಒಂದೇ. "ರೈಲು ರಾತ್ರಿಗಿದೆ, ಹತ್ತಿರದಲ್ಲಿ ಯಾವ್ದಾದ್ರೂ ಹಳೇ ದೇವಸ್ಥಾನ ಇದ್ರೆ ನೋಡ್ಕೊಂಡು ಬರೋಣ್ವಾ?" ತಕ್ಷಣ ಒಬ್ಬರು ಬೇಲೂರು ಅನ್ನುತ್ತಾರೆ. ಇನ್ನೊಬ್ಬರು ಹಂಪಿ ಅನ್ನುತ್ತಾರೆ. ಎರಡೂ ನೋಡಲೇಬೇಕಾದ ಜಾಗಗಳೇ. ಆದರೆ ಇಲ್ಲಿಂದ ಹೊರಟರೆ ದಿನದ ಮುಕ್ಕಾಲು ಪಾಲು ಗಾಡಿಯಲ್ಲೇ ಹೋಗುತ್ತದೆ. ಅಲ್ಲಿ ಇಳಿಯುವ ಹೊತ್ತಿಗೆ ನೆತ್ತಿ ಮೇಲೆ ಬಿಸಿಲು, ಕೈಯಲ್ಲಿ ಅಳುವ ಮಗು, ಎದುರಿಗೆ ಟಿಕೆಟ್ ಸಾಲು.

ನಮ್ಮ ಸುತ್ತಮುತ್ತಲೇ ಒಂದು ದಿನಕ್ಕೆ ಸಾಕಾಗುವಷ್ಟು ಇದೆ. ಮುಖ್ಯವಾಗಿ ಮೂರು: ಹರಿಹರದ ಹರಿಹರೇಶ್ವರ, ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರ, ಚಿತ್ರದುರ್ಗದ ಕೋಟೆಯೊಳಗಿನ ಗುಡಿಗಳು. ಇವುಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ಕೇಳಿದರೆ ಜಗಳ ಮುಗಿಯೋದಿಲ್ಲ. ಮೊದಲು ಕೇಳಬೇಕಾದ್ದು ಬೇರೆ: ನಿಮ್ಮ ಜೊತೆ ಬರುವವರು ಯಾರು? ಅವರು ದೇವರಿಗೆ ಕೈ ಮುಗಿಯಲು ಬರುತ್ತಾರೋ, ಕಲ್ಲಿನ ಕೆಲಸ ನೋಡಲು ಬರುತ್ತಾರೋ, ಸುಮ್ನೆ ಓಡಾಡಲು ಬರುತ್ತಾರೋ?

ಅವಸರದಲ್ಲಿರುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ವಯಸ್ಸಾದವರು ಇದ್ದರೆ, ಹಣ್ಣುಕಾಯಿ ಮಾಡಿಸಬೇಕು, ಮಂಗಳಾರತಿ ಆಗಬೇಕು ಅಂದರೆ ಹರಿಹರ. ಶಿಲ್ಪ ನೋಡುವ ಹುಚ್ಚಿದ್ದರೆ ಬಾಗಳಿ. ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಎರಡನೇ ಮಾತೇ ಇಲ್ಲ, ದುರ್ಗ. ಈಗ ಒಂದೊಂದಾಗಿ ನೋಡೋಣ.

ಹರಿಹರ: ಹತ್ತಿರ ಅನ್ನೋ ಕಾರಣಕ್ಕೆ ಹಗುರ ಮಾಡಬೇಡಿ

ದಾವಣಗೆರೆಯವರಿಗೆ ಹರಿಹರ ಅಂದರೆ 14 ಕಿಲೋಮೀಟರ್ ದೂರದ ಪಕ್ಕದ ಊರು. ಫ್ಯಾಕ್ಟರಿ, ಹೊಳೆ, ಸೇತುವೆ. ಯಾವಾಗ ಬೇಕಾದರೂ ಹೋಗಬಹುದು ಅನ್ನೋ ಸದರದಲ್ಲಿ ಎಷ್ಟೋ ಜನ ದೇವಸ್ಥಾನದ ಒಳಗೆ ಸರಿಯಾಗಿ ಒಂದು ಸುತ್ತು ಹಾಕಿರುವುದಿಲ್ಲ. ಹೋಗುತ್ತಾರೆ, ಕಾಯಿ ಒಡೆಸುತ್ತಾರೆ, ತೀರ್ಥ ತಗೊಂಡು ಬರುತ್ತಾರೆ.

ದೇವಸ್ಥಾನ 1224ರ ಸುಮಾರಿನದು. ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ, ಮಂತ್ರಿ ಪೋಲಾಳ್ವ ಕಟ್ಟಿಸಿದ್ದು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾಗಿ ಆಗಲೇ ನೂರು ವರ್ಷ ದಾಟಿತ್ತು. ಹೊಯ್ಸಳರ ರಾಜ್ಯಕ್ಕೆ ಇದು ಬಡಗಣ ಅಂಚು, ಹೊಳೆಯಾಚೆ ಸೇವುಣರ, ಅಂದರೆ ದೇವಗಿರಿ ಯಾದವರ ಕಾಟ. ಅಂಥ ಗಡಿಯಲ್ಲಿ ಇಷ್ಟು ದೊಡ್ಡ ಗುಡಿ ಎಬ್ಬಿಸಿದ್ದರಲ್ಲಿ ಭಕ್ತಿಯ ಜೊತೆ ಸ್ವಲ್ಪ ರಾಜಕೀಯವೂ ಇತ್ತು ಅಂತ ನನಗೆ ಅನ್ನಿಸುತ್ತದೆ. ಮುಂದೆ 1268ರಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮ ಇಲ್ಲಿ ಇನ್ನಷ್ಟು ಕಟ್ಟಿಸಿದ. ಮೈಸೂರು ಕಡೆಯ ಸೋಮನಾಥಪುರ ನೋಡಿದ್ದೀರಲ್ಲ, ಅದನ್ನು ಕಟ್ಟಿಸಿದವನೂ ಇದೇ ಸೋಮ.

ಇಲ್ಲಿನ ದೇವರು ಅರ್ಧ ಹರ, ಅರ್ಧ ಹರಿ. ಕಥೆ ಊರವರಿಗೆಲ್ಲ ಗೊತ್ತು. ಗುಹಾಸುರ ಅನ್ನೋ ರಾಕ್ಷಸ ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು ಅಂತ ಬ್ರಹ್ಮನಿಂದ ವರ ಪಡೆದಿದ್ದ. ಹಾಗಾದರೆ ಇಬ್ಬರೂ ಸೇರಿ ಒಂದೇ ಮೈಯಾಗಿ ಬಂದರು, ವರವೂ ಉಳಿಯಿತು, ರಾಕ್ಷಸನೂ ಸತ್ತ. ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ದೇವರ ಬಲ ಅಂದರೆ ಎದುರು ನಿಂತ ನಮಗೆ ಎಡ, ಇದು ನೆನಪಿರಲಿ. ಒಂದು ಕಡೆಯ ಕೈಯಲ್ಲಿ ತ್ರಿಶೂಲ, ಇನ್ನೊಂದು ಕಡೆ ಚಕ್ರ ಕಾಣುತ್ತದೆ. ಆದರೆ ಹೂವಿನ ಅಲಂಕಾರ ಏರಿದ ಮೇಲೆ ಈ ವ್ಯತ್ಯಾಸ ಪೂರ್ತಿ ಮುಚ್ಚಿಹೋಗುತ್ತದೆ. ಮೂರ್ತಿಯನ್ನೇ ನೋಡಬೇಕು ಅನ್ನುವವರು ಬೆಳಿಗ್ಗೆ ಬೇಗ, ಅಭಿಷೇಕದ ಹೊತ್ತಿಗೆ ಹೋಗುವುದು ಒಳ್ಳೆಯದು. ಶೈವರು, ವೈಷ್ಣವರು ಒಂದೇ ಗರ್ಭಗುಡಿ ಮುಂದೆ ಸಾಲು ನಿಲ್ಲುವ ಜಾಗ ಇದು. ಅತ್ತೆ ಮನೆಯವರದ್ದು ನಾಮ, ಸೊಸೆ ಮನೆಯವರದ್ದು ವಿಭೂತಿ ಅನ್ನೋ ಸಂಸಾರಗಳಿಗೆ ಇದಕ್ಕಿಂತ ಅನುಕೂಲದ ದೇವರು ಬೇರೆ ಸಿಗಲಿಕ್ಕಿಲ್ಲ.

ದರ್ಶನ ಆದಮೇಲೆ ಸೀದಾ ಆಚೆ ಬರಬೇಡಿ. ತೆರೆದ ಮಂಟಪದಲ್ಲಿ ಸ್ವಲ್ಪ ಕೂತುಕೊಳ್ಳಿ. ಸುತ್ತ ಸೊಂಟದೆತ್ತರದ ಜಗಲಿ ಗೋಡೆ, ಅದರ ಮೇಲೆ ಗಿಡ್ಡ ಕಂಬಗಳು, ಒಳಗೆ ಪೂರ್ತಿ ಎತ್ತರದ ಕಂಬಗಳು. ಕಂಬಕ್ಕೆ ಬಳಸಿರುವುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಗುಲಿದಂತೆ ಗಟ್ಟಿಯಾಗುತ್ತದೆ. ಮೆತ್ತಗಿರುವಾಗಲೇ ತಿರುಗಣೆಗೆ ಹಾಕಿ ಕಡೆದಿದ್ದಾರೆ. ಒಂದು ಕಂಬದ ನಡುಭಾಗವನ್ನು ಹತ್ತಿರದಿಂದ ನೋಡಿ. ಒಂದರ ಕೆಳಗೆ ಒಂದು ಬಳೆ ಜೋಡಿಸಿದ ಹಾಗೆ ಸುತ್ತುಗಳು ಬರುತ್ತವೆ, ಎರಡು ಸುತ್ತಿನ ನಡುವಿನ ಗೆರೆಯಲ್ಲಿ ಉಗುರು ಮಾತ್ರ ಹಿಡಿಯುತ್ತದೆ. ಆ ಗೆರೆ ಸುತ್ತಲೂ ಎಲ್ಲೂ ಅಂಕುಡೊಂಕಾಗಿಲ್ಲ. ನಂತರ ತಲೆ ಎತ್ತಿ ಮೇಲಿನ ಭುವನೇಶ್ವರಿ, ಅಂದರೆ ಕೆತ್ತನೆ ಮಾಡಿದ ಒಳಚಾವಣಿ ನೋಡಿ. ಕತ್ತು ನೋಯುವ ತನಕ ನೋಡುವಷ್ಟು ಇದೆ.

ಅಂಗಳದಲ್ಲಿ ಕಲ್ಲಿನ ದೀಪದ ಕಂಬಗಳಿವೆ. ನಕ್ಷತ್ರದ ಆಕಾರದ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟ ಹಾಗಿದ್ದು, ಮೂಲೆ ಮೂಲೆಯಲ್ಲೂ ಹಣತೆ ಇಡಲು ಗುಳಿ ಇದೆ. ಕಾರ್ತಿಕದಲ್ಲಿ ನೋಡಿದರೆ ಇವು ಯಾಕಿವೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಆವರಣದಲ್ಲಿ ಶಾಸನದ ಕಲ್ಲುಗಳೂ ಸಾಕಷ್ಟಿವೆ. ಹಳೇ ಅಕ್ಷರ ಓದಲು ಬಾರದಿದ್ದರೂ ಮೇಲ್ಭಾಗದಲ್ಲಿ ಕೆತ್ತಿರುವ ಸೂರ್ಯ ಚಂದ್ರರನ್ನು ಮಕ್ಕಳಿಗೆ ತೋರಿಸಬಹುದು.

ಒಂದು ಕೊರತೆ ಹೇಳಲೇಬೇಕು. ಬೇಲೂರು, ಹಳೇಬೀಡಿನ ಥರ ಹೊರಗೋಡೆ ತುಂಬ ಆನೆ ಕುದುರೆ ಸಾಲು, ರಾಮಾಯಣದ ಪಟ್ಟಿಕೆ ಹುಡುಕಿಕೊಂಡು ಬಂದರೆ ಇಲ್ಲಿ ಸಿಗೋದಿಲ್ಲ. ಗರ್ಭಗುಡಿ ಮೇಲಿನ ಮೂಲ ಶಿಖರವೂ ಹೋಗಿದೆ, ಈಗಿರುವುದು ಇಟ್ಟಿಗೆ ಗಾರೆಯದ್ದು. ಹೊರಗಿನಿಂದ ಫೋಟೋ ತೆಗೆಯುವವರಿಗೆ ನಿರಾಸೆ ಆಗುತ್ತದೆ. ಇದರ ಚೆಂದ ಇರೋದೆಲ್ಲ ಒಳಗೆ, ನೆರಳಲ್ಲಿ.

ಹೊಳೆ ಕಡೆ ಹೋಗುವುದಿದ್ದರೆ ಮಳೆಗಾಲದಲ್ಲಿ ಮಕ್ಕಳ ಕೈ ಬಿಡಬೇಡಿ. ತುಂಗಭದ್ರೆ ತುಂಬಿದಾಗ ಮೆಟ್ಟಿಲು ಎಲ್ಲಿ ಮುಗಿಯಿತು ಅನ್ನೋದೇ ಕಾಣೋದಿಲ್ಲ. ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳವೂ ಹರಿಹರದ ಹತ್ತಿರವೇ ಹೊಳೆ ಸೇರುತ್ತದೆ.

ಬಾಗಳಿ: ನೋಡಲು ಗೊತ್ತಿರುವವರಿಗೆ

ಬಾಗಳಿ ಹರಪನಹಳ್ಳಿಯಿಂದ ಆರೇಳು ಕಿಲೋಮೀಟರ್. ದಾವಣಗೆರೆಯಿಂದ ಹರಪನಹಳ್ಳಿಗೆ ಸುಮಾರು 50. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ನಮ್ಮ ಜಿಲ್ಲೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಕಾಗದದಲ್ಲಿ ಎಲ್ಲೇ ಇರಲಿ, ಆ ಕಡೆಯ ಜನ ಆಸ್ಪತ್ರೆಗೆ, ಬಟ್ಟೆ ಅಂಗಡಿಗೆ ಬರೋದು ಇಲ್ಲಿಗೇ. ಹಾಗಾಗಿ ಬಸ್ಸಿಗೆ ತೊಂದರೆ ಇಲ್ಲ.

ಕಲ್ಲೇಶ್ವರ ದೇವಸ್ಥಾನದ ಹಳೆಯ ಶಾಸನ 987ನೇ ಇಸವಿಯದು. ಕಲ್ಯಾಣ ಚಾಲುಕ್ಯರ ಮೊದಲ ದೊರೆ ಎರಡನೇ ತೈಲಪನ ಕಾಲ. ಅಂದರೆ ಹರಿಹರಕ್ಕಿಂತ 237 ವರ್ಷ ಹಳೆಯದು, ಬೇಲೂರಿಗಿಂತ 130 ವರ್ಷ. ರಾಷ್ಟ್ರಕೂಟರ ಕಾಲ ಮುಗಿದು ಚಾಲುಕ್ಯರು ತಲೆ ಎತ್ತುತ್ತಿದ್ದ ಹೊತ್ತಿನ ಕೆಲಸ. ಹಳೆಗನ್ನಡದ ಶಾಸನಗಳೇ ಇಲ್ಲಿ ಮೂವತ್ತಕ್ಕೂ ಜಾಸ್ತಿ ಸಿಕ್ಕಿವೆ. ಒಂದು ಹಳ್ಳಿಯ ಗುಡಿಗೆ ಇಷ್ಟೊಂದು ದಾನ, ಇಷ್ಟೊಂದು ಲೆಕ್ಕ ಅಂದರೆ ಆಗ ಊರು ಎಂಥದ್ದಿರಬೇಕು ಯೋಚಿಸಿ.

ಇಲ್ಲಿ ನೋಡಬೇಕಾದ್ದು ಮೊದಲು ತೆರೆದ ಮಂಟಪ. ಐವತ್ತರಷ್ಟು ಕಂಬಗಳಿವೆ. ಮೊದಲ ನೋಟಕ್ಕೆ ಎಲ್ಲಾ ಒಂದೇ ಥರ ಕಾಣುತ್ತವೆ. ಐದು ನಿಮಿಷ ಬಿಟ್ಟು ನೋಡಿದರೆ ಒಂದರ ಲೆಕ್ಕ ಇನ್ನೊಂದಕ್ಕಿಲ್ಲ ಅನ್ನೋದು ಗೊತ್ತಾಗುತ್ತದೆ. ಒಂದರಲ್ಲಿ ಚೂಪು ಮೂಲೆಗಳೇ ಮೂಲೆಗಳು, ಇನ್ನೊಂದು ದುಂಡಗೆ. ಶಿಲ್ಪ ಅಂದರೆ ದೇವರ ಮೂರ್ತಿ ಅಂತ ಅಂದುಕೊಂಡವರಿಗೆ ಇಲ್ಲಿ ಬರೀ ಗೆರೆ, ಕೋನ, ವೃತ್ತಗಳಿಂದ ಏನು ಮಾಡಬಹುದು ಅನ್ನೋದು ಕಾಣುತ್ತದೆ. ಬೆಳಿಗ್ಗೆ ಬೆಳಕು ಓರೆಯಾಗಿ ಒಳಗೆ ಬರುವಾಗ ಹೋಗಿ. ನಡುಮಧ್ಯಾಹ್ನ ಎಲ್ಲಾ ಚಪ್ಪಟೆ ಕಾಣುತ್ತದೆ.

ಆಮೇಲೆ ಬಾಗಿಲವಾಡ. ಚಾಲುಕ್ಯರ ಶಿಲ್ಪಿಗಳು ಬಾಗಿಲಿಗೆ ಹಾಕಿದಷ್ಟು ದುಡಿಮೆಯನ್ನು ಗೋಡೆಗೆ ಹಾಕಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಒಂದರ ಪಕ್ಕ ಒಂದು ಪಟ್ಟಿ: ಬಳ್ಳಿ, ಹೂವು, ಸಣ್ಣ ಸಣ್ಣ ಆಕೃತಿಗಳು. ಕೆಳಗೆ ಮಂಡಿ ಎತ್ತರದಲ್ಲಿ ನಿಂತಿರುವವರನ್ನು ನೋಡಬೇಕಾದರೆ ನೀವು ಕುಕ್ಕರುಗಾಲಲ್ಲಿ ಕೂರಬೇಕು. ಕೂತು ನೋಡಿ, ಪರವಾಗಿಲ್ಲ. ಒಳಗೆ ಬಿಡಿ ಮೂರ್ತಿಗಳೂ ಇವೆ: ಉಮಾಮಹೇಶ್ವರ, ಗಣಪತಿ, ಸರಸ್ವತಿ, ಮಹಿಷಮರ್ದಿನಿ, ಅನಂತಶಯನ. ಉತ್ತರಕ್ಕೆ ನರಸಿಂಹನ ಗುಡಿ, ಸೂರ್ಯನಿಗೂ ಒಂದು ಗುಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡೋದು ಒಳ್ಳೆಯದು. ಹೊರಗೋಡೆಯಲ್ಲಿ ಮಿಥುನ ಶಿಲ್ಪಗಳಿವೆ. ಮಾವನವರನ್ನು ಕರಕೊಂಡು ಹೋದಾಗ ಪ್ರದಕ್ಷಿಣೆ ಹಾಕುತ್ತಾ ಎಲ್ಲರೂ ಏಕಾಏಕಿ ಆಕಾಶ ನೋಡಲು ಶುರುಮಾಡುತ್ತಾರೆ. ಮುಜುಗರ ಪಡುವಂಥದ್ದೇನಿಲ್ಲ, ಆ ಕಾಲದ ಗುಡಿಗಳಲ್ಲಿ ಇದು ಮಾಮೂಲು. ಆದರೂ ನಿಮ್ಮ ಮನೆಯವರು ಹೇಗೆ ಅನ್ನೋದು ನಿಮಗೇ ಚೆನ್ನಾಗಿ ಗೊತ್ತು.

ಬಾಗಳಿಯ ತೊಂದರೆ ಅಂದರೆ ಸೌಕರ್ಯ. ಹರಿಹರದ ಹಾಗೆ ದೇವಸ್ಥಾನದ ಮುಂದೆ ಹೋಟೆಲ್ ಸಾಲು, ಹೂವು ಕಾಯಿ ಅಂಗಡಿಗಳ ಸಾಲು ನಿರೀಕ್ಷೆ ಮಾಡಬೇಡಿ. ನೀರು, ತಿನ್ನೋದು ಹರಪನಹಳ್ಳಿಯಲ್ಲೇ ತಗೊಳ್ಳಿ. ಹೂವು ಕಾಯಿಯೂ ಅಲ್ಲೇ. ಗದ್ದಲ ಇಲ್ಲದಿರುವುದೇ ಕೆಲವರಿಗೆ ಇಷ್ಟ, ಕೆಲವರಿಗೆ ಬೇಜಾರು. ಹತ್ತು ಜನರ ಗುಂಪಿನಲ್ಲಿ ಇಬ್ಬರಿಗೆ ಮಾತ್ರ ಶಿಲ್ಪದ ಆಸೆ ಇದ್ದರೆ ಉಳಿದ ಎಂಟು ಜನ ಅರ್ಧ ಗಂಟೆಗೇ "ಹೊರಡೋಣ್ವಾ?" ಅಂತ ಶುರುಮಾಡುತ್ತಾರೆ. ಆ ಇಬ್ಬರು ಬೇರೆ ದಿನ ಬೈಕಿನಲ್ಲಿ ಹೋಗಿ ಬರುವುದೇ ಸುಖ. ನನ್ನನ್ನು ಕೇಳಿದರೆ ಈ ಮೂರರಲ್ಲಿ ಮತ್ತೆ ಮತ್ತೆ ಹೋಗಬೇಕು ಅನ್ನಿಸೋದು ಬಾಗಳಿಗೇ. ಆದರೆ ಮದುವೆ ನೆಂಟರನ್ನು ಅಲ್ಲಿಗೆ ಕರಕೊಂಡು ಹೋಗೋದಿಲ್ಲ.

ದುರ್ಗದ ಬೆಟ್ಟ: ಮೊಣಕಾಲು ಗಟ್ಟಿ ಇರಬೇಕು

ಚಿತ್ರದುರ್ಗ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್, ರಸ್ತೆ ಚೆನ್ನಾಗಿದೆ. ಏಳು ಸುತ್ತಿನ ಕೋಟೆ ನೋಡಲು ಹೋಗುವವರೇ ಜಾಸ್ತಿ, ದೇವಸ್ಥಾನಕ್ಕೆ ಅಂತ ಹೋಗುವವರು ಕಡಿಮೆ. ಆದರೆ ಕೋಟೆಯೊಳಗೆ ಬಂಡೆ ಬಂಡೆಗೂ ಒಂದೊಂದು ಗುಡಿ ಸಿಗುತ್ತದೆ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಗೋಪಾಲಕೃಷ್ಣ. ಇವುಗಳನ್ನು ಕಟ್ಟಡವಾಗಿ ಹರಿಹರ, ಬಾಗಳಿ ಜೊತೆ ಹೋಲಿಸಲು ಆಗೋದಿಲ್ಲ. ಕೆತ್ತನೆ ಕಡಿಮೆ. ಜಾಗದ ಗತ್ತೇ ಬೇರೆ.

ಹಿಡಿಂಬೇಶ್ವರ ಬೆಟ್ಟದ ಮೇಲಿನ ಹಳೆಯ ಗುಡಿಗಳಲ್ಲಿ ಒಂದು. ಹಿಡಿಂಬಾಸುರ ಇದ್ದದ್ದು ಇಲ್ಲೇ, ಭೀಮ ಅವನನ್ನು ಕೊಂದದ್ದೂ ಇಲ್ಲೇ ಅನ್ನೋದು ದುರ್ಗದವರ ನಂಬಿಕೆ. ಹಿಡಿಂಬನ ಹಲ್ಲು, ಭೀಮನ ಭೇರಿ ಅಂತ ಹೇಳುವ ವಸ್ತುಗಳೂ ಈ ಗುಡಿಯದ್ದೇ. ನಂಬೋದು ಬಿಡೋದು ನಿಮಗೆ ಸೇರಿದ್ದು, ಮಕ್ಕಳಂತೂ ನಂಬುತ್ತಾರೆ. ಸಂಪಿಗೆ ಸಿದ್ದೇಶ್ವರನ ಸನ್ನಿಧಿಯಲ್ಲಿ ದುರ್ಗ ಆಳಿದ ನಾಯಕರಿಗೆ ಪಟ್ಟ ಕಟ್ಟುತ್ತಿದ್ದರು. ಏಕನಾಥೇಶ್ವರಿ ಅವರ ದೇವತೆ. ಅವಳ ಗುಡಿ ಹತ್ತಿರದ ಕಲ್ಲಿನ ಉಯ್ಯಾಲೆ ಕಂಬ ನೋಡಿದರೆ ಎತ್ತರ ಅಂದಾಜಿಗೆ ಸಿಗೋದಿಲ್ಲ. 1779ರಲ್ಲಿ ಹೈದರಾಲಿ ಕೋಟೆ ಹಿಡಿದ ಮೇಲೆ ನಾಯಕರ ಆಳ್ವಿಕೆ ಮುಗಿಯಿತು, ಗುಡಿಗಳಲ್ಲಿ ದೀಪ ಮಾತ್ರ ಉಳಿಯಿತು.

ಮಕ್ಕಳಿಗೆ ಒನಕೆ ಓಬವ್ವನ ಕಿಂಡಿ ಒಂದೇ ಸಾಕು. ಆ ಸಂದಿಯಲ್ಲಿ ನುಸುಳಿ ಬರುವಾಗ ಕಥೆ ತಾನಾಗೇ ಅರ್ಥವಾಗುತ್ತದೆ. ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ನೋಡಿಕೊಂಡು ಇಳಿಯುವ ಹೊತ್ತಿಗೆ ಮೂರು ಗಂಟೆಯಾದರೂ ಆಗುತ್ತದೆ. ಮಂಗಗಳು ಜಾಸ್ತಿ. ತಿನ್ನುವ ಪೊಟ್ಟಣ ಕೈಯಲ್ಲಿ ಹಿಡಿದು ಹೋಗಬೇಡಿ, ಚೀಲದೊಳಗಿರಲಿ. ಅಜ್ಜ ಅಜ್ಜಿಯರನ್ನು ಮೇಲೆ ಹತ್ತಿಸುವ ಸಾಹಸ ಬೇಡ. ಬಂಡೆ ಮೆಟ್ಟಿಲು ನುಣ್ಣಗಾಗಿವೆ, ಹತ್ತೋದಕ್ಕಿಂತ ಇಳಿಯೋದು ಕಷ್ಟ. ಅವರನ್ನು ಊರೊಳಗಿನ ಉಚ್ಚಂಗಿಯಲ್ಲಮ್ಮನ ಗುಡಿಯಲ್ಲಿ ಬಿಟ್ಟು ಬಂದರೆ ಅವರಿಗೂ ಸಮಾಧಾನ.

ಹೊತ್ತು ಉಳಿದರೆ ಚಂದ್ರವಳ್ಳಿ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲಿನ ಬಂಡೆ ಮೇಲಿದೆ, ನಾಲ್ಕನೇ ಶತಮಾನದ್ದು. ಅಲ್ಲೇ ಇರುವ ಅಂಕಲಿ ಮಠದ ಗವಿಗಳಿಗೆ ಇಳಿಯಬೇಕಾದರೆ ಜೊತೆಗೆ ದಾರಿ ತೋರಿಸುವವರು ಬೇಕು. ಇಕ್ಕಟ್ಟು ಜಾಗ ಅಂದರೆ ಉಸಿರು ಕಟ್ಟುವವರು ಹೊರಗೇ ಕೂತಿರಲಿ.

ಉಳಿದ ಕೆಲವು

ಉಚ್ಚಂಗಿದುರ್ಗಕ್ಕೆ ಜನ ಹೋಗೋದು ಉಚ್ಚಂಗೆಮ್ಮನ ಹರಕೆಗೆ. ದಾವಣಗೆರೆಯಿಂದ ಸುಮಾರು 30 ಕಿಲೋಮೀಟರ್. ಉಚ್ಚಂಗಿಯ ಪಾಂಡ್ಯ ಅರಸರು ಆಳಿದ ಹಳೇ ಕೋಟೆ, ಬೆಟ್ಟ ಹತ್ತಬೇಕು. ಹುಣ್ಣಿಮೆ ದಿನ ನೂಕುನುಗ್ಗಲು. ಹರಕೆ ಇದ್ದವರು ಆ ದಿನವೇ ಹೋಗುತ್ತಾರೆ. ಸುಮ್ನೆ ನೋಡಲು ಹೋಗುವವರು ಬೇರೆ ವಾರ ನೋಡಿಕೊಳ್ಳಿ.

ಸಂತೆಬೆನ್ನೂರು ದೇವಸ್ಥಾನದ ಪಟ್ಟಿಗೆ ಪೂರ್ತಿ ಸೇರೋದಿಲ್ಲ. 16ನೇ ಶತಮಾನದಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನಡುವೆ ವಸಂತ ಮಂಟಪ. ಪಕ್ಕದಲ್ಲಿದ್ದ ರಂಗನಾಥನ ಗುಡಿ ಬಿಜಾಪುರದವರ ದಾಳಿಯಲ್ಲಿ ಹೋಯಿತು, ಈಗ ಅಲ್ಲಿ ಮುಸಾಫಿರಖಾನೆ, ಅಂದರೆ ದಾರಿಹೋಕರ ತಂಗುಮನೆ ನಿಂತಿದೆ. ಪೂಜೆ ಬೇಕು ಅನ್ನುವವರಿಗೆ ಇಲ್ಲಿ ಕೆಲಸವಿಲ್ಲ. ಫೋಟೋದವರಿಗೆ, ಮದುವೆಗೆ ಮುಂಚಿನ ಶೂಟಿಂಗಿನವರಿಗೆ ಬಹಳ ಇಷ್ಟ. ಸೂಳೆಕೆರೆ ಜೊತೆ ಸೇರಿಸಿಕೊಂಡರೆ ಅರ್ಧ ದಿನ ಚೆನ್ನಾಗಿ ಕಳೆಯುತ್ತದೆ.

ಬಾಗಳಿ ಇಷ್ಟವಾದವರು ಮುಂದೆ ಕುರುವತ್ತಿಗೆ ಹೋಗಲೇಬೇಕು. ಹಡಗಲಿ ತಾಲ್ಲೂಕು, ತುಂಗಭದ್ರೆ ದಂಡೆ, ಮಲ್ಲಿಕಾರ್ಜುನ ದೇವಸ್ಥಾನ. ಚಾಲುಕ್ಯ ದೊರೆ ಒಂದನೇ ಸೋಮೇಶ್ವರ ವಾಸಿಯಾಗದ ಕಾಯಿಲೆಯಿಂದ ಬೇಸತ್ತು 1068ರಲ್ಲಿ ಹೊಳೆಗೆ ಇಳಿದು ಪ್ರಾಣ ಬಿಟ್ಟದ್ದು ಇದೇ ಕುರುವತ್ತಿಯಲ್ಲಿ. ದೇವಸ್ಥಾನದ ಕಂಬದ ಮೇಲಿನ ಮದನಿಕೆಯರನ್ನು ನೋಡಿದರೆ ಬೇಲೂರಿನ ಶಿಲಾಬಾಲಿಕೆಯರು ಎಲ್ಲಿಂದ ಬಂದರು ಅನ್ನೋದು ಹೊಳೆಯುತ್ತದೆ. ಬಾಗಳಿ, ಕುರುವತ್ತಿ ಎರಡನ್ನೂ ಒಂದೇ ದಿನ ಮಾಡಬೇಕಾದರೆ ಸ್ವಂತ ಗಾಡಿ ಬೇಕು, ಬೆಳಿಗ್ಗೆ ಆರಕ್ಕೇ ಹೊರಡಬೇಕು.

ಎಲ್ಲೂ ಹೋಗಲು ಹೊತ್ತಿಲ್ಲ, ಎರಡೇ ಗಂಟೆ ಇದೆ ಅಂದರೆ ಊರೊಳಗೇ ಆನೆಕೊಂಡದ ಈಶ್ವರ ದೇವಸ್ಥಾನ ಇದೆ. ಸಣ್ಣದು, ಹಳೆಯದು, ಆಟೋದಲ್ಲಿ ಹೋಗಿ ಬರಬಹುದು. ದಾವಣಗೆರೆಯಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಇದನ್ನು ನೋಡಿಲ್ಲ.

ಹೊತ್ತು, ಬಸ್ಸು, ಬಿಸಿಲು

ಪೂಜೆ ನಡೆಯುವ ಗುಡಿಗಳಲ್ಲಿ ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುತ್ತಾರೆ, ಸಂಜೆಯೇ ತೆಗೆಯೋದು. ಊಟ ಮುಗಿಸಿ ಹೊರಡುವ ಅಭ್ಯಾಸದವರಿಗೆ ಇದು ದೊಡ್ಡ ಪೆಟ್ಟು. ಹರಿಹರಕ್ಕೆ ಬೆಳಿಗ್ಗೆ ಎಂಟಕ್ಕೆ ಹೊರಟರೂ ಸಾಕು, ದರ್ಶನ ಮುಗಿಸಿ ಬಂದು ಊರಲ್ಲಿ ಬೆಣ್ಣೆ ದೋಸೆಗೆ ಕೂರಬಹುದು. ದುರ್ಗದ ಕೋಟೆಗೆ ಟಿಕೆಟ್ ಇದೆ, ಕತ್ತಲಾಗುವ ಮುಂಚೆ ಕೆಳಗಿಳಿಸುತ್ತಾರೆ. ಸೋಮವಾರ, ಶಿವರಾತ್ರಿ, ಕಾರ್ತಿಕದ ಸಂಜೆಗಳಲ್ಲಿ ಶಿವನ ಗುಡಿಗಳಿಗೆ ಜನ ಜಾಸ್ತಿ. ಶಿಲ್ಪ ನೋಡುವವರು ಮಂಗಳವಾರ, ಬುಧವಾರ ಹೋಗಲಿ.

ಮಾರ್ಚ್‌ನಿಂದ ಮೇವರೆಗೆ ಕಲ್ಲು ಹಾಸಿನ ಅಂಗಳ ಕಾದ ಹಂಚಿನಂತಿರುತ್ತದೆ. ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಹಾಕಬೇಕಲ್ಲ, ಒಂದು ಜೊತೆ ಹಳೇ ಕಾಲುಚೀಲ ಇಟ್ಟುಕೊಂಡರೆ ಅಜ್ಜಿಯರು ಆಶೀರ್ವಾದ ಮಾಡುತ್ತಾರೆ.

ಹರಿಹರಕ್ಕೆ ಬಸ್ಸು ಬೇಕಾದಷ್ಟಿವೆ, ರೈಲೂ ಇದೆ. ಹರಪನಹಳ್ಳಿ ಬಸ್ಸು ಹಿಡಿದು ಅಲ್ಲಿಂದ ಬಾಗಳಿಗೆ ಆಟೋ ಮಾಡಿಕೊಳ್ಳುವುದಾದರೆ, ಆಟೋದವರಿಗೆ ವಾಪಸ್ ಬರುವ ತನಕ ಕಾಯಲು ಹೇಳಿ, ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ, ಆಧಾರ್ ಕಾರ್ಡ್ ಕೈಯಲ್ಲಿರಲಿ. ನಮ್ಮ ಕಡೆ ಖಾಸಗಿ ಬಸ್ಸುಗಳು ಜಾಸ್ತಿ, ಅವುಗಳಲ್ಲಿ ಇದು ನಡೆಯೋದಿಲ್ಲ. ಸ್ಟ್ಯಾಂಡಿನಲ್ಲಿ "ಹರಪನಹಳ್ಳಿ, ಹರಪನಹಳ್ಳಿ" ಅಂತ ಕೂಗಿದ ಕೂಡಲೇ ಹತ್ತಿಬಿಡಬೇಡಿ, ಯಾವ ಬಸ್ಸು ಅಂತ ನೋಡಿ ಹತ್ತಿ.